ಮುರುಗಲು ತುಪ್ಪ ಹಚ್ಚಿದ ತಲೆ

ಗಿರಾಕಿಯೊಬ್ಬರು ರವಿಕೆಯನ್ನು ವಾಪಸು ತಂದು ನನ್ನ ಹೊಲಿಗೆ ಮಷಿನ್ನಿನ ಮೇಲಿಟ್ಟು ತೋಳಿನ ಹೊಲಿಗೆ ತೋರಿಸಿದರು. ದಾರದ ಜೊತೆಗೆ ನನ್ನದೊಂದು ಉದ್ದನೆಯ ಕೂದಲೂ ಸೇರಿಕೊಂಡು ಅಚ್ಚುಕಟ್ಟಾಗಿ ಹೊಲಿಗೆ ಬಿದ್ದಿತ್ತು. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನಕ್ಕಿದ್ದರಿಂದ ಸಿಟ್ಟು ಹೊಟ್ಟೆಯಲ್ಲೇ ಉಳಿಯಿತು.

ಮಳೆಗಾಲದಲ್ಲಿ ನನಗೆ ಡೆಂಗಿ ಜ್ವರ ಬಂದಿತ್ತು. ಜ್ವರ ಬಿಟ್ಟು ಕೆಲವು ತಿಂಗಳಾದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರಲು ಶುರುವಾಯಿತು. ಸಿದ್ದಾಪುರ ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ತಲೆ ತಗ್ಗಿಸಿ ಕೂರುವ ಕೆಲಸ, ಎದುರು ನಿಂತವರಿಗೆ ಮೊದಲು ಕಾಣುವುದೇ ಬೈತಲೆ. ಅದು ಅಗಲವಾಗುತ್ತ ಹೋದಂತೆ ಬಂದವರು ಅಳತೆ ಕೊಡುವುದನ್ನು ಮರೆತು ಸಲಹೆ ಕೊಡತೊಡಗಿದರು. ಒಬ್ಬರು ಈರುಳ್ಳಿ ರಸ ಹಚ್ಚು ಎಂದರೆ ಇನ್ನೊಬ್ಬರು ಮೊಟ್ಟೆ ಹಚ್ಚು ಎಂದರು, ಅದೂ ಮೊಟ್ಟೆ ಮನೆಯೊಳಗೆ ಬಾರದ ನಮಗೆ. ನಾನು ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆ ಪಿನ್ನು ಇಲ್ಲದಿದ್ದರೆ ಎಷ್ಟು ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದೆನೋ.

ನಮ್ಮನೆಯವರು ಪಂಪ್‌ಸೆಟ್ ರಿಪೇರಿ ಮಾಡುವವರು. ಮಾತೆಂದರೆ ಅವರಿಗೆ ಅಳೆದು ಸುರಿಯುವ ವಸ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಸೀರೆ ಚೆನ್ನಾಗಿದೆ ಎಂದವರಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದವರೂ ಅಲ್ಲ. ನಾನು ಜ್ವರದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ ತುಂಬಾ ಹೊತ್ತು ಪಕ್ಕದಲ್ಲಿ ಕೂತು, ಕೊನೆಗೆ ಮೇಲೆ ನೋಡಿ, "ಈ ಫ್ಯಾನಿನ ಬೇರಿಂಗ್ ಹೋಯ್ದು," ಎಂದರು. ಅವರು ನನಗೆ ಹೇಳಿದ ಸಮಾಧಾನ ಅಷ್ಟೇ.

ಇಂಥವರು ಒಂದು ಸಂಜೆ ಸೌಟು ಹಿಡಿದುಕೊಂಡು ಹಿತ್ತಲ ಮೆಟ್ಟಿಲಿಗೆ ಬಂದರು. ಹೆಗ್ಗರಣೆಯಲ್ಲಿರುವ ಅವರ ತಂಗಿ ಮುರುಗಲು ತುಪ್ಪ ಕಳಿಸಿದ್ದಳು. ಮುರುಗಲು ಹಣ್ಣಿನ ಬೀಜದಿಂದ ತೆಗೆಯುವ, ಮೇಣದಷ್ಟು ಗಟ್ಟಿಯಾದ ಈ ತುಪ್ಪವನ್ನು ನಮ್ಮ ಕಡೆ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಇವರು ಅದನ್ನು ಕರಗಿಸಿ, ತೆಂಗಿನೆಣ್ಣೆಯನ್ನೂ ಹರಳೆಣ್ಣೆಯನ್ನೂ ಬೆರೆಸಿ ತಂದಿದ್ದರು.

"ಎಂತದು ಇದು? ಹಿಮ್ಮಡಿಗೆ ಹಚ್ಚದನ್ನ ತಲೆಗೆ ಹಚ್ತ್ರಾ?" ಎಂದು ರೇಗಿದೆ.

"ಹಿಮ್ಮಡಿಯೂ ಚರ್ಮ, ತಲೆಯೂ ಚರ್ಮ. ಗ್ರೀಸ್ ಇಲ್ದೇ ಬೇರಿಂಗ್ ತಿರುಗ್ತಾ? ಸುಮ್ಮಂಗೆ ಕೂತ್ಗ."

ಕೂತೆ. ಮೋಟಾರು ಬಿಚ್ಚಿ ಬಿಚ್ಚಿ ಒರಟಾದ ಬೆರಳುಗಳು ನನ್ನ ತಲೆಯ ಮೇಲೆ ಹೆದರಿ ಹೆದರಿ ಓಡಾಡಿದವು. ಆಮೇಲೆ ಆಶ್ಚರ್ಯದ ಸಂಗತಿ ನಡೆಯಿತು. ಕೈ ಆಡತೊಡಗಿದ ಮೇಲೆ ಅವರ ಬಾಯಿಯೂ ಬಿಟ್ಟುಕೊಂಡಿತು. ಯಾರದೋ ಬಾವಿಯ ಪಂಪಿನಲ್ಲಿ ಕಪ್ಪೆ ಸಿಕ್ಕಿದ ಕತೆ, ಚಿಕ್ಕವರಿದ್ದಾಗ ತಂಗಿಯ ಜಡೆಯನ್ನು ಕಿಟಕಿಯ ಸರಳಿಗೆ ಕಟ್ಟಿ ಪೆಟ್ಟು ತಿಂದ ಕತೆ. ದಿನವೂ ಸಂಜೆ ಒಂದಾದರೂ ಹೊಸದಿರುತ್ತಿತ್ತು. ಒಂದು ದಿನ ಯಾವ ಪೀಠಿಕೆಯೂ ಇಲ್ಲದೆ ಹೇಳಿದರು: "ನೀನು ಆಸ್ಪತ್ರೆಲಿದ್ದಾಗ ಎಂಗೆ ಮನೆಗೆ ಬಪ್ಪಲೇ ಹೆದ್ರಿಕೆ ಆಗ್ತಿತ್ತು. ಹೊಲಿಗೆ ಮಷಿನ್ ಸದ್ದೇ ಇಲ್ಲೆ."

ನಾನು ಅವರಿಗೆ ಬೆನ್ನು ಹಾಕಿ ಕೂತಿದ್ದೆ. ನನ್ನ ಕಣ್ಣು ತುಂಬಿದ್ದು ಅವರಿಗೆ ಕಾಣಲಿಲ್ಲ. ಅಷ್ಟು ಸುಖ ನನಗೆ ಮದುವೆಯ ಹೊಸತರಲ್ಲೂ ಆಗಿರಲಿಲ್ಲ.

ಆದರೆ ತಲೆ ನನ್ನ ಸುಖಕ್ಕೆ ಒಪ್ಪಲಿಲ್ಲ. ಚಳಿ ಹೆಚ್ಚಾದಂತೆ ತುಪ್ಪ ತಲೆಯ ಮೇಲೇ ಹೆಪ್ಪುಗಟ್ಟಿ ಬಾಚಣಿಗೆಗೆ ಬಿಳಿ ಪುಡಿ ಬರತೊಡಗಿತು. ನಾನು ಅದನ್ನು ಹೊಟ್ಟು ಅಂದುಕೊಂಡೆ, ಅವರು ತಲೆ ಒಣಗಿದೆ ಅಂದುಕೊಂಡು ಇನ್ನೊಂದು ಸೌಟು ಹೆಚ್ಚಿಸಿದರು. ಶಿರಸಿಯ ಕಾಲೇಜಿನಲ್ಲಿ ಓದುವ ಮಗಳು ರಜೆಗೆ ಬಂದವಳು ತನ್ನ ಕಂಡಿಷನರ್ ಬಾಟಲಿ ಬಿಟ್ಟುಹೋದಳು. ಕೂದಲ ತುದಿಗೆ ಹಚ್ಚಬೇಕಾದ ಆ ಬೆಣ್ಣೆಯಂಥದ್ದನ್ನು ನಾನು ಬುಡಕ್ಕೇ ತಿಕ್ಕಿದೆ. ಬೈತಲೆಯ ಅಂಚಿನಲ್ಲಿ ರಾಗಿ ಕಾಳಿನಂಥ ಗುಳ್ಳೆಗಳೆದ್ದವು. ತುರಿಕೆ ತಡೆಯಲಾರದೆ ಹೊಲಿಯುತ್ತ ಹೊಲಿಯುತ್ತ ಸ್ಕೇಲಿನಿಂದ ತಲೆ ಕೆರೆದುಕೊಳ್ಳುತ್ತಿದ್ದೆ.

ಕೊನೆಗೆ ಮಗಳೇ ನನ್ನನ್ನು ಶಿರಸಿಯ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಧಾರವಾಡ ಕಡೆಯ ಹೆಂಗಸು. ದೀಪ ಹಿಡಿದು ತಲೆ ನೋಡಿ, "ಏನೇನ್ ಹಚ್ಚೀರಿ, ಎಲ್ಲಾ ಹೇಳ್ರಿ. ನಾಚ್ಕೋಬ್ಯಾಡ್ರಿ," ಎಂದರು. ನಾನು ಹೇಳಿದೆ. ಮಗಳು ಕಂಡಿಷನರ್ ಬಾಟಲಿಯನ್ನೂ ತೆಗೆದಿಟ್ಟಳು. ಡಾಕ್ಟರು ಅದರ ಹಿಂದಿನ ಇರುವೆಯಂಥ ಅಕ್ಷರಗಳನ್ನು ಓದಿದರು.

"ಇದರಾಗ ಬೆಣ್ಣಿ ಐತಿ, ಮೇಣ ಐತಿ. ನಿಮ್ಮ ಸೌಟಿನ್ಯಾಗ ತೆಂಗಿನೆಣ್ಣಿ, ಹರಳೆಣ್ಣಿ, ಮ್ಯಾಲೆ ತುಪ್ಪ. ಒಂದರ ಮ್ಯಾಲೊಂದು ಕುಂತು ಕೂದಲಿನ ಬುಡದ ಸಣ್ಣ ತೂತೆಲ್ಲಾ ಕಟ್ಕೊಂಡಾವ. ಎಲ್ಲಾರಿಗೂ ಹಿಂಗ ಆಗಂಗಿಲ್ಲ, ನಿಮಗ ಆಗೇತಿ. ಜ್ವರಕ್ಕ ಹೋದ ಕೂದಲಾ ತಾನಾಗೇ ಬರ್ತೈತ್ರಿ, ಅದಕ್ಕ ದಾರಿ ಬಿಡ್ರಿ ಅಷ್ಟ. ಎಣ್ಣಿ ಬಂದ್ ಮಾಡ್ರಿ."

ಹುಟ್ಟಿದ ಮಗುವಿನ ನೆತ್ತಿಗೇ ತೆಂಗಿನೆಣ್ಣೆ ತಟ್ಟುವ ಊರಿನವಳಿಗೆ ಅದೂ ತಪ್ಪಿತಸ್ಥರ ಸಾಲಿನಲ್ಲಿ ನಿಂತದ್ದು ಅರಗಲಿಲ್ಲ. ಆದರೂ ಕೂದಲು ಬರುತ್ತದೆ ಎಂದದ್ದಕ್ಕೆ ಕುಣಿದಾಡಬೇಕಿತ್ತು. ಅವರು ಬರೆದುಕೊಟ್ಟ ಔಷಧಿಯ ಶಾಂಪೂ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತವಳಿಗೆ ನೆನಪಾದದ್ದು ಹಿತ್ತಲ ಮೆಟ್ಟಿಲು. ಎಣ್ಣೆ ನಿಂತರೆ ಮೆಟ್ಟಿಲ ಮೇಲಿನ ಆ ಹೊತ್ತು ನಿಲ್ಲುತ್ತದೆ, ಆ ಮಾತು ನಿಲ್ಲುತ್ತದೆ. ಎಣ್ಣೆ ನಿಲ್ಲದಿದ್ದರೆ ಬೈತಲೆ ಇನ್ನಷ್ಟು ಅಗಲವಾಗುತ್ತದೆ. ಎರಡೂ ನನಗೆ ಬೇಕಿತ್ತು. ಶಿರಸಿಯಿಂದ ಸಿದ್ದಾಪುರದವರೆಗೆ ಯೋಚಿಸಿದರೂ ದಾರಿ ಹೊಳೆಯಲಿಲ್ಲ.

ಶಾಂಪೂ ಬಾಟಲಿಯನ್ನು ಬಟ್ಟೆಯ ತುಂಡುಗಳ ಕೆಳಗೆ ಬಚ್ಚಿಟ್ಟೆ. ಒಂದು ಸಂಜೆ ತಲೆನೋವು ಎಂದೆ, ಇನ್ನೊಂದು ಸಂಜೆ ಮದುವೆ ಮನೆಯ ರವಿಕೆಗಳಿವೆ ಎಂದೆ. ಅವರು ಸೌಟು ಹಿಡಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಆ ನಿಲ್ಲುವಿಕೆ ನೋಡಲಾಗದೆ ಮತ್ತೆ ಒಂದು ದಿನ ತಲೆ ಕೊಟ್ಟೆ. ಬೆರಳು ಗುಳ್ಳೆಗೆ ತಾಗಿದ್ದೇ ತಡ, ಉರಿ ನೆತ್ತಿಗೇರಿತು.

"ಸಾಕು ಮಾಡಿ! ಈ ಗ್ರೀಸಿಂದೇ ಗುಳ್ಳೆ ಎದ್ದಿದ್ದು. ಎಣ್ಣೆ ಹಾಕಲಾಗ ಹೇಳಿ ಡಾಕ್ಟ್ರು ಹೇಳಿದ್ದು!"

ಅವರ ಕೈ ನಿಂತಿತು. "ಮತ್ತೆ ಇಷ್ಟು ದಿನ ಎಂತಕ್ಕೆ ಹೇಳಿದ್ದಿಲ್ಲೆ?"

ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಎಣ್ಣೆ ನಿಂತ್ರೆ ನಿಮ್ಮ ಮಾತೂ ನಿಲ್ತು ಹೇಳಿ," ಎಂದೆ.

ಅವರು ಸೌಟನ್ನು ಒಳಗೆ ಒಯ್ದು ತಿಕ್ಕಿ ತೊಳೆದು ಗೂಟಕ್ಕೆ ನೇತುಹಾಕಿದರು. ಮಾರನೆಯ ದಿನದಿಂದ ನಾನು ಹೆದರಿದಂತೆಯೇ ಆಯಿತು. ಊಟ ಹಾಕಿದರೆ ಉಂಡರು, ಕೇಳಿದರೆ ತಲೆಯಾಡಿಸಿದರು. ಸಂಜೆ ಎಣ್ಣೆಯ ಕೆಲಸವಿಲ್ಲದಿದ್ದರೂ ನಾನು ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿದೆ. ಅವರು ಬರಲಿಲ್ಲ. ನನ್ನ ಬಾಯಿಯ ಮೇಲೆ ನನಗೇ ಕೋಪ ಬಂತು, ಬೆರಳಿಗೆ ಸೂಜಿ ಚುಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ಬಚ್ಚಲಿನಿಂದ, "ಬಾ ಇಲ್ಲಿ," ಎಂದು ಕೂಗಿದರು. ಹೋಗಿ ನೋಡಿದರೆ ಹಂಡೆಯಲ್ಲಿ ನೀರು ಕಾದಿದೆ, ಮಣೆ ಹಾಕಿದೆ. ಇವರು ತೋಳು ಮಡಚಿ, ಕನ್ನಡಕ ಏರಿಸಿ, ನಾನು ಬಚ್ಚಿಟ್ಟಿದ್ದ ಶಾಂಪೂವಿನ ಬಾಟಲಿ ಓದುತ್ತಿದ್ದಾರೆ. ಉಗುರಿನ ಸಂದಿಯ ಗ್ರೀಸು ಕೂಡ ತೊಳೆದು ಹೋಗಿತ್ತು, ನಾನು ಆ ಉಗುರುಗಳನ್ನು ಅಷ್ಟು ಬೆಳ್ಳಗೆ ಕಂಡದ್ದು ಮದುವೆಯ ದಿನ ಮಾತ್ರ.

"ಎಂತ ಮಾಡ್ತ್ರಿ?"

"ಹಳೇ ಗ್ರೀಸ್ ತೊಳೆಯದೇ ಇದ್ರೆ ಹೊಸ ಬೇರಿಂಗೂ ಜಾಮ್ ಆಗ್ತು. ಆನು ಹಾಕಿದ್ದು, ಆನೇ ತೊಳೀತೆ. ಡಾಕ್ಟ್ರು ಎಣ್ಣೆ ಹಾಕಲಾಗ ಅಂದಿದ್ದು. ತೊಳೆಯಲಾಗ ಅಂದಿದ್ದಿಲ್ಲೆ ಅಲ್ದಾ?"

ಮಣೆಯ ಮೇಲೆ ಕೂತು ತಲೆ ಬಗ್ಗಿಸಿದೆ. ಬಿಸಿನೀರು ಬಿತ್ತು. ಬೆರಳುಗಳು ಗುಳ್ಳೆಗಳನ್ನು ತಪ್ಪಿಸಿಕೊಂಡು ಮೆಲ್ಲಗೆ ನೊರೆ ಎಬ್ಬಿಸಿದವು. ನೊರೆ ಹಾಕಿ ಐದು ನಿಮಿಷ ಬಿಡಬೇಕು ಎಂದು ಬಾಟಲಿಯಲ್ಲಿ ಬರೆದಿತ್ತಂತೆ. ಅವರು ಕೈ ತೊಳೆದುಕೊಂಡು, ಚೊಂಬು ಹಿಡಿದು ನನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಒಲೆಯಲ್ಲಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ನಾನು ಕಾದೆ.

"ಮೊನ್ನೆ ದೊಡ್ಮನೆಲಿ ಒಂದು ಪಂಪ್ ಬಿಚ್ಚಿದ್ದಿ," ಎಂದು ಅವರು ಶುರು ಮಾಡಿದರು.

ಕತೆ ಉದ್ದಕ್ಕೆ ಹೋಯಿತು. ನೀರು ಆರಿತು, ತಲೆಯ ಮೇಲಿನ ನೊರೆ ಒಣಗಿ ಬಿಗಿಯತೊಡಗಿತು. ನೀರು ಹಾಕಿ ಎಂದು ನಾನು ಹೇಳಲಿಲ್ಲ.