ಸೊಪ್ಪಿನಜ್ಜಿ ಕೊಡಿಸಿದ ಪರೀಕ್ಷೆ

ಎಂಬತ್ತರ ದಶಕದ ಆರಂಭ. ಹೆಬ್ಬಾಳದ ಸುತ್ತಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ನಾನು ಕೆಲಸಕ್ಕೆ ಸೇರಿದ ಹೊಸತು. ಬಹುದಿನದಿಂದ ಕೆಮ್ಮುತ್ತಿರುವವರನ್ನು ಹುಡುಕಿ, ಕ್ಷಯದ ಪರೀಕ್ಷೆಗೆಂದು ಪುಟ್ಟ ಡಬ್ಬಿಯಲ್ಲಿ ಕಫ ತರಬೇಕಿತ್ತು. ಓದಿದವರ ಮನೆಗಳಲ್ಲಿ ಈ ಕೆಲಸ ಸಲೀಸು ಎಂದುಕೊಂಡಿದ್ದೆ.

ಕೆಂಪಾಪುರದಲ್ಲಿ ದ್ರಾಕ್ಷಿ ತೋಟ, ಕಾರು ಎಲ್ಲ ಇದ್ದ ಮನೆಯೊಂದಿತ್ತು. ಅಲ್ಲಿನ ಸೊಸೆ ಬಿ.ಎ. ಓದಿದವಳು. ನಾನು ಮಾತಾಡಿ ಮುಗಿಸುವಷ್ಟರಲ್ಲಿ ಮೂರು ಸಲ ಕೆಮ್ಮಿದಳು. "ಆ ಕಾಯಿಲೆ ನಮ್ಮಂಥೋರ ಮನೆಗೆ ಬರಲ್ಲ ಕಣ್ರೀ. ಗುಡಿಸಲುಗಳ ಕಡೆ ಹೋಗಿ" ಎಂದು ಬಾಗಿಲು ಹಾಕಿಕೊಂಡಳು.

ಇದನ್ನೆಲ್ಲ ನೋಡುತ್ತ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕರೆದಳು. ಎಪ್ಪತ್ತು ದಾಟಿದ, ಹೆಬ್ಬೆಟ್ಟೊತ್ತುವ ಹೆಂಗಸು.

"ಏನವ್ವಾ ಅದು, ಡಬ್ಬಿ?"

ಹೇಳಿದೆ.

"ನಂಗೂ ಎರಡು ತಿಂಗ್ಳಿಂದ ಕೆಮ್ಮು. ಕೊಡು ಇತ್ಲಾಗೆ."

ಪರೀಕ್ಷೆಯಲ್ಲಿ ಕ್ಷಯ ಇರುವುದು ಗೊತ್ತಾಯಿತು. ಮನೆಗೆ ಹೋಗಿ ಹೇಳಿದಾಗ ಅವಳ ಮಗ, "ಈ ವಯಸ್ಸಲ್ಲಿ ಇನ್ಯಾಕ್ ಮೇಡಂ ಸೂಜಿ, ಮಾತ್ರೆ?" ಎಂದ.

ಅಜ್ಜಿ ಅವನ ತೊಡೆಯ ಮೇಲಿದ್ದ ಕೂಸನ್ನು ತೋರಿಸಿದಳು. "ಈ ಮಗೀಗೆ ಅಂಟೋವಾಗ ಅದು ನನ್ ವಯಸ್ಸು ಕೇಳ್ತೈತೇನ್ಲಾ?"

ಮಾರನೆಯ ದಿನದಿಂದಲೇ ಸೂಜಿಗೆಂದು ಆಸ್ಪತ್ರೆಗೆ ನಡೆದು ಬಂದಳು. ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳುಗಳು ಕಳೆದು, ಕಫದಲ್ಲಿ ರೋಗಾಣು ಕಾಣದಾದ ಮೇಲೆ ಮತ್ತೆ ಬುಟ್ಟಿ ಹೊತ್ತಳು. ನನ್ನಿಂದ ಒಂದು ಡಬ್ಬಿ ಇಸಿದುಕೊಂಡು ನೇರ ಆ ತೋಟದ ಮನೆಗೇ ನಡೆದಳು. ನಾನು ಹಿಂದೆ ಹೋದೆ. ಸೊಸೆ ಸೊರಗಿ ಹೋಗಿದ್ದಳು.

"ನಾನೂ ಅದೇ ಕಾಯ್ಲೆ ಬಿದ್ದು ಎದ್ದೋಳು ಕಣವ್ವ" ಎಂದಳು ಅಜ್ಜಿ.

ಕ್ಷಯ ಬಂದಿತ್ತೆಂದು ಹೇಳಿಕೊಂಡವಳ ಕೈಯಿಂದ ಆ ಕಾಲದಲ್ಲಿ ಯಾರೂ ಸೊಪ್ಪು ಕೊಳ್ಳುತ್ತಿರಲಿಲ್ಲ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸೊಸೆ ಒಳಗೆ ನೋಡಿ ದನಿ ತಗ್ಗಿಸಿದಳು. "ಮಾವನವರಿಗೆ ಗೊತ್ತಾದ್ರೆ ತವರಿಗೆ ಅಟ್ತಾರೆ ಅಜ್ಜಿ."

ಆ ಬಿಗುಮಾನದ ಹಿಂದೆ ಇಂಥ ಹೆದರಿಕೆ ಇತ್ತೆಂದು ನನಗೆ ಹೊಳೆದೇ ಇರಲಿಲ್ಲ.

"ಗೊತ್ತಾದ್ರೆ ಮಾತ್ರೆ ಐತೆ. ಗೊತ್ತಾಗ್ದೇ ಇದ್ರೆ ಏನೈತೆ, ಯೋಳು?"

ಸೊಸೆ ಡಬ್ಬಿ ತೆಗೆದುಕೊಂಡಳು. ಅವಳಿಗೂ ಕ್ಷಯವೇ ಆಗಿತ್ತು. ಮಾವ ವಾರವಿಡೀ ಕೂಗಾಡಿದರು, ಆಮೇಲೆ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಕರೆತಂದರು. ಒಂದೂವರೆ ವರ್ಷದಲ್ಲಿ ಅವಳು ಪೂರ್ತಿ ಗುಣವಾದಳು.

ಆ ಬೀದಿಯ ಎಷ್ಟೋ ಮನೆಗಳು ಅಜ್ಜಿಯ ಸೊಪ್ಪನ್ನು ಬಿಟ್ಟವು. ಅವಳು ಬೇಸರಿಸಿಕೊಂಡದ್ದನ್ನು ನಾನು ಕಾಣಲಿಲ್ಲ. ಬುಟ್ಟಿಯನ್ನು ತಣಿಸಂದ್ರದ ಕಡೆಗೆ ತಿರುಗಿಸಿದಳು. ಹೊರಡುವ ಮುಂಚೆ ನನ್ನ ಹತ್ತಿರ ಇನ್ನೂ ಹತ್ತು ಡಬ್ಬಿ ಕೇಳಿ ಪಡೆದು, ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು.