ಆಯಿ ಎಬ್ಬಿಸಿದ ಇಟಲಿಯ ನಾಯಕಿ

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಗ್ರಾಮಫೋನಿನ ತಿರುಗುವ ತಟ್ಟೆಯ ಮೇಲೆ ಸೂಜಿ ಇಳಿದಾಗ ಹಾಡಿಗೆ ಮುಂಚೆ ಕೇಳುವ ಆ ಕರಕರ ಸದ್ದು ಇಂದಿಗೂ ನನ್ನನ್ನು ಶಹಾಬಾದದ ಹತ್ತಿರದ ವಾಡಿಯಲ್ಲಿದ್ದ ನಮ್ಮ ಮನೆಗೆ ಕರೆದೊಯ್ಯುತ್ತದೆ. ನಿಜಾಮರ ಆಳ್ವಿಕೆ ಮುಗಿದ ಹೊಸತು. ಪಕ್ಕದ ಮನೆಯ ಮಿಗೆಲ್ ಸಾಹೇಬರು ಗೋವೆಯವರು. ಹೈದರಾಬಾದಿನಲ್ಲಿ ಬ್ಯಾಂಡಿಗೆ ಪಿಟೀಲು ನುಡಿಸಿ ನಿವೃತ್ತರಾದವರು. ಪ್ರತಿ ಭಾನುವಾರ ಸಂಜೆ ಗ್ರಾಮಫೋನನ್ನು ನಮ್ಮ ತಣ್ಣನೆಯ ಹಾಸುಗಲ್ಲಿನ ಪಡಸಾಲೆಗೆ ತಂದು, ನನ್ನ ಅಜ್ಜಿಗೆ, ಅಂದರೆ ಎಲ್ಲರ ಆಯಿಗೆ, ಇಟಲಿಯ ದುಃಖಾಂತ ಸಂಗೀತ ನಾಟಕವೊಂದನ್ನು ಕೇಳಿಸುತ್ತಿದ್ದರು. ಸದರಿ ನಾಟಕದ ಮೂಲವನ್ನೂ ಅವರೇ ಹೇಳಿದ್ದು: ಫ್ರಾನ್ಸಿನ ಲೇಖಕನೊಬ್ಬ, ತಾನು ಪ್ರೀತಿಸಿ ಕ್ಷಯಕ್ಕೆ ಕಳೆದುಕೊಂಡ ಹೆಣ್ಣನ್ನು ನೆನೆದು ಕಥೆ ಬರೆದ, ಅದು ಇಟಲಿಯವನ ಕೈಯಲ್ಲಿ ಸಂಗೀತವಾಯಿತು. ಮೊದಲ ಪ್ರದರ್ಶನದಲ್ಲಿ ಆ ರೋಗಿಯ ಪಾತ್ರದ ಗಾಯಕಿ ದಪ್ಪಗಿದ್ದಾಳೆಂದು ಜನ ನಕ್ಕರಂತೆ.

"ದಪ್ಪಿದ್ರ ಏನಾಯ್ತ್ರಿ? ನಮ್ಮ ಬಯಲಾಟದಾಗ ಮೀಸಿ ಬೋಳಿಸ್ಕೊಂಡು ಗೌಡ್ರ ಬಸಣ್ಣ ಸೀತಿ ಆಗ್ತಾನ!" ಎಂದಳು ಆಯಿ.

ಕುಣಿಸುವ ಹಾಡುಗಳೆಲ್ಲ ಮುಗಿದು ಕೊನೆಯ ತಟ್ಟೆಯ ಸರದಿ ಬಂದೊಡನೆ ಮಾತ್ರ ಸಾಹೇಬರು ಸೂಜಿ ಮುರಿಯಿತೆಂದು ಏಳುತ್ತಿದ್ದರು.

"ಪ್ರತಿ ಐತ್ವಾರ ಸೂಜಿ ಮುರೀಲಿಕ್ಕ, ಶಹಾಬಾದದ ಕಲ್ಲಿನ ಖಣಿ ಕೊರೀಲಿಕತ್ತೀರೇನು?" ಎಂದು ಆಯಿ ಒಮ್ಮೆ ಕೇಳಿಯೇಬಿಟ್ಟಳು.

ಸಾಹೇಬರು ತಲೆ ತಗ್ಗಿಸಿದರು. "ಅದ್ರಾಗ ಅಕಿ ಸಾಯ್ತಾಳ, ಆಯಿ. ನನ್ನ ಮನಿಯಾಕಿನೂ ಅದೇ ಬ್ಯಾನಿಲೇ ಹೋದ್ಲು. ಕೇಳ್ಲಿಕ್ಕಾಗಂಗಿಲ್ಲ."

ನಮ್ಮ ಕಡೆಯ ಬಯಲಾಟದಲ್ಲಿ ಸತ್ತ ಪಾತ್ರಗಳೆಲ್ಲ ಎದ್ದು ನಿಂತು ಮಂಗಳಾರತಿ ಆದ ಮೇಲೆಯೇ ಆಟ ಮುಗಿಯುವ ಪದ್ಧತಿ.

"ಅರ್ಧಕ್ಕ ಬಿಟ್ರ ಅಕಿ ಹೆಂಗ ಏಳ್ತಾಳ? ಹಾಕ್ರಿ. ನಾ ಇದ್ದೀನಿ," ಎಂದು ಆಯಿ ಆರತಿ ತಟ್ಟೆ ಹಚ್ಚಿ ತಂದಳು.

ಸಾಹೇಬರು ಕಣ್ಣು ಮುಚ್ಚಿದರು. ಪಿಟೀಲುಗಳು ನೂಲಿನಷ್ಟು ಸಣ್ಣಗೆ ಮಿಡಿದವು. ನಾಯಕಿಯ ದನಿ ಒಮ್ಮೆ ಮೇಲೇರಿ ನಿಂತುಹೋಯಿತು. ಆಯಿ ಗ್ರಾಮಫೋನಿನ ಹಿತ್ತಾಳೆ ಕಹಳೆಗೆ ಆರತಿ ಬೆಳಗುತ್ತ ಗಟ್ಟಿಯಾಗಿ ಮಂಗಳ ಹಾಡತೊಡಗಿದಳು. ಮೊಮ್ಮಕ್ಕಳಾದ ನಾವು ನಗು ತಡೆಯಲಾರದೆ ಕಂಬದ ಹಿಂದೆ ಸರಿದೆವು. ಬಳಿಕ ಆರತಿ ತಟ್ಟೆ ಸಾಹೇಬರ ಮುಂದೆ ಬಂತು. ಇಗರ್ಜಿಗೆ ಹೋಗುವ ಆ ಕ್ರೈಸ್ತ ಹಿರಿಯರು ದೀಪದ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡರು.

"ಎದ್ಲೇನ್ರಿ?"

"ಎದ್ಲು, ಆಯಿ. ಇಬ್ರೂ ಎದ್ರು."

ಮುಂದಿನ ಭಾನುವಾರದಿಂದ ಅವರು ಕೊನೆಯ ತಟ್ಟೆಯನ್ನೇ ಮೊದಲು ಹಾಕತೊಡಗಿದರು.

ಮೇಲ್ಕಂಡ ಇಬ್ಬರು ಹಿರಿಯರೂ ಈಗ ಉಳಿದಿಲ್ಲ. ಆ ಪಡಸಾಲೆಯೂ ಇಲ್ಲ. ಅವರನ್ನು ಎಬ್ಬಿಸೋಣವೆಂದರೆ ನನಗೆ ಮಂಗಳದ ಹಾಡು ಬಾರದು. ಆದಕಾರಣ ಇಷ್ಟನ್ನು ಬರೆದು ತಮ್ಮ ಅವಗಾಹನೆಗೆ ಸಲ್ಲಿಸಿದ್ದೇನೆ.