ಅಮ್ಮನ ಜಾಡಿಯ ಸಿಹಿ

ಆಹಾರ ಪರೀಕ್ಷಾಲಯದಲ್ಲಿ ಅವಳನ್ನು ಎಲ್ಲರೂ ಹನಿಯಮ್ಮ ಎನ್ನುತ್ತಿದ್ದರು. ಗಾಜಿನ ಕೊಳವೆಯ ತಿರುಪನ್ನು ಎರಡು ಬೆರಳಲ್ಲಿ ಹಿಡಿದು, ಕೆಳಗಿನ ದ್ರವದ ಬಣ್ಣ ತಿರುಗುವ ಕ್ಷಣಕ್ಕೆ ಸರಿಯಾಗಿ ಹನಿ ನಿಲ್ಲಿಸುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿರಲಿಲ್ಲ. ಮೂವತ್ತೊಂದು ವರ್ಷ ಅದೇ ಕೆಲಸ. ಹಾಲಿಗೆ ಬೆರೆಸಿದ ಸೋಡಾ, ಮೆಣಸಿನ ಪುಡಿಗೆ ಬೆರೆಸಿದ ಬಣ್ಣ, ಎಲ್ಲವೂ ಅವಳ ಕೈ ದಾಟಿಯೇ ವರದಿಗೆ ಹೋಗುತ್ತಿದ್ದವು. ಅಕ್ಕನ ಎದುರು ಕೂತು ಉಣ್ಣಲು ನೆಂಟರು ಹೆದರುತ್ತಾರೆ ಎಂದು ತಂಗಿ ಗೇಲಿ ಮಾಡುತ್ತಿದ್ದಳು.

ಪರೀಕ್ಷಾಲಯಕ್ಕೊಂದು ಪದ್ಧತಿಯಿತ್ತು. ಮಾದರಿ ಯಾವುದರಲ್ಲಿ ಬಂದರೂ ಮೊದಲು ಅದನ್ನು ತಮ್ಮದೇ ತೊಳೆದ ಸೀಸೆಗೆ ಸುರಿದುಕೊಂಡು, ಚೀಟಿ ಅಂಟಿಸಿ, ತಂದವರ ಪಾತ್ರೆಯನ್ನು ಅಲ್ಲೇ ವಾಪಸು ಕೊಡಬೇಕು. ಹೊಸದಾಗಿ ಸೇರಿದವರಿಗೆ ಅವಳು ಮೊದಲ ದಿನವೇ ಹೇಳುತ್ತಿದ್ದಳು: "ಪಾತ್ರೆ ಅವರದ್ದು, ಒಳಗಿರೋದಷ್ಟೇ ನಮ್ಮದು."

ಅವಳ ಅಮ್ಮ ವರ್ಷಕ್ಕೊಮ್ಮೆ ನಿಂಬೆಹಣ್ಣು ಸೀಳಿ ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಬಾಯಿಗಿಟ್ಟರೆ ಮೊದಲು ಕಣ್ಣು ಮುಚ್ಚಿಸುವ ಹುಳಿ. ಆಮೇಲೆ ನಾಲಿಗೆಯ ಹಿಂಭಾಗದಲ್ಲಿ ತೆಳುವಾದ ಒಂದು ಸಿಹಿ. ಸಕ್ಕರೆ ಹಾಕುತ್ತಿರಲಿಲ್ಲ. ಅಮ್ಮ ತೀರಿಕೊಂಡು ಹದಿನೆಂಟು ವರ್ಷವಾಯಿತು. ಸಾಮಾನು ಹಂಚಿಕೊಳ್ಳುವಾಗ ತಂಗಿ, "ನೀನು ಅಳೆದು ತೂಗಿ ಮಾಡೋಳು, ಅಮ್ಮ ಬರೆದಿಟ್ಟ ಪುಸ್ತಕ ನಿನಗಿರಲಿ. ಜಾಡಿ ನನಗೆ," ಎಂದಳು. ಮೊಣಕಾಲೆತ್ತರದ ಮಣ್ಣಿನ ಜಾಡಿ. ಒಳಗೂ ಹೊರಗೂ ಜೇನಿನ ಬಣ್ಣದ ಹೊಳಪು. ತಂಗಿ ಅದನ್ನು ಬಾಗಿಲ ಬಳಿ ಇಟ್ಟು ಅದರಲ್ಲಿ ಕೊಡೆ ನಿಲ್ಲಿಸಿದಳು.

ಪುಸ್ತಕ ಪಡೆದವಳು ಹದಿನೆಂಟು ಸಲ ಪ್ರಯತ್ನಿಸಿದಳು. ಉಪ್ಪನ್ನು ಪರೀಕ್ಷಾಲಯದ ತಕ್ಕಡಿಯಲ್ಲಿ ತೂಗಿದಳು. ದಪ್ಪ ಸಿಪ್ಪೆಯದು, ತೆಳು ಸಿಪ್ಪೆಯದು ಎಂದು ಹಣ್ಣು ಬದಲಿಸಿದಳು. ಹುಳಿಯನ್ನು ಹನಿ ಲೆಕ್ಕದಲ್ಲಿ ಅಳೆದು, ಕಳೆದ ವರ್ಷದ್ದಕ್ಕೆ ಹೋಲಿಸಿದಳು. ಗಾಜಿನ ಸೀಸೆಗಳು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತವು. ಆ ಸಿಹಿ ಮಾತ್ರ ಬರಲಿಲ್ಲ. ಗಡಿಯಾರ ರಿಪೇರಿ ಮಾಡುವ ಅವಳ ಗಂಡನಿಗೆ ಇದು ಪ್ರತಿ ವರ್ಷದ ತಮಾಷೆ. "ಊರೋರ ಡಬ್ಬಿಗೆಲ್ಲ ಫೇಲ್ ಅಂತ ಬರೆದು ಬರೆದು ನಿಂದಕ್ಕೂ ಬರೀತೀಯಲ್ಲ. ಒಂದ್ಸಲ ಪಾಸ್ ಮಾಡೇ."

ಈ ವರ್ಷ ತಂಗಿಯ ಮಗಳು ಬಸುರಿಯಾಗಿ ತವರಿಗೆ ಬಂದಳು. ಹುಳಿಗೆ ಆಸೆಪಟ್ಟಳು. ತಂಗಿ ಕೊಡೆಗಳನ್ನು ತೆಗೆದು, ಜಾಡಿಯನ್ನು ತಿಕ್ಕಿ ತೊಳೆದು, ಕೈಯಳತೆಯಲ್ಲೇ ನಿಂಬೆಹಣ್ಣು ಹಾಕಿದಳು. ಎರಡು ತಿಂಗಳ ಮೇಲೆ ಅಕ್ಕನಿಗೂ ಒಂದು ಚಿಕ್ಕ ಸೀಸೆ ಕಳಿಸಿದಳು.

ಅವಳು ನಿಂತಲ್ಲೇ ಒಂದು ತುಂಡು ಬಾಯಿಗಿಟ್ಟಳು. ಹುಳಿ ಇಳಿಯಿತು, ಅದರ ಹಿಂದೆಯೇ ಸಿಹಿ ಬಂತು. ಸ್ಟೂಲ್ ಎಳೆದುಕೊಂಡು ಕೂತಳು. ಉಪ್ಪು ಹತ್ತಿದ ಬೆರಳನ್ನು ಮಕ್ಕಳ ಬಾಯಿಗಿಟ್ಟು "ಸಾಕು, ಓಡಿ" ಎನ್ನುತ್ತಿದ್ದ ಅಮ್ಮ, ಒಳ್ಳೆಯ ತುಂಡುಗಳನ್ನೆಲ್ಲ ಬಡಿಸಿ ತಳದ ಮಡ್ಡಿಯನ್ನು ತಾನು ಕಲಸಿಕೊಳ್ಳುತ್ತಿದ್ದ ಅಮ್ಮ, ಎದುರಿಗೇ ಇದ್ದಂತಾಯಿತು. ಎರಡನೆಯ ತುಂಡು ತಿಂದಳು. ಮೂರನೆಯದು ಬಾಯಲ್ಲಿರುವಾಗಲೇ ಫೋನ್ ಮಾಡಿದಳು.

"ಏನು ಹಾಕಿದೆ ಇದಕ್ಕೆ?"

"ನಿಂಬೆಹಣ್ಣು, ಉಪ್ಪು. ಇನ್ನೇನು ಹಾಕ್ಲಿ?"

"ಸಕ್ಕರೆ?"

"ಅಮ್ಮ ಯಾವತ್ತು ಸಕ್ಕರೆ ಹಾಕಿದ್ಲು? ಎಲ್ಲಾ ಜಾಡಿ ಮಹಿಮೆ ಕಣೇ," ಎಂದು ತಂಗಿ ನಕ್ಕಳು.

ಅವಳು ಬಾಯಲ್ಲಿದ್ದುದನ್ನು ಅಂಗೈಗೆ ಉಗಿದಳು. ಹುಳಿಯೂ ಉಪ್ಪೂ ಸೇರಿ ತಾವಾಗಿ ಸಿಹಿಯಾಗುವುದಿಲ್ಲ. ಮಣ್ಣಿನ ಪಾತ್ರೆಗೆ ಹೊಳಪು ಬರಲೆಂದು ಹಿಂದೆ ಲೇಪದಲ್ಲಿ ಸೀಸ ಬೆರೆಸುತ್ತಿದ್ದರು. ಲೇಪ ಸರಿಯಾಗಿ ಬೇಯದಿದ್ದರೆ ಹುಳಿ ಅದನ್ನು ದಿನದಿನವೂ ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ಸೀಸ ವಿಷ, ರುಚಿ ಮಾತ್ರ ಸಿಹಿ. ಕಾಲೇಜಿನಲ್ಲಿ ಓದಿದ ಪಾಠ. ಹದಿನೆಂಟು ವರ್ಷ ಒಳಗಿನದನ್ನೇ ಅಳೆದವಳಿಗೆ ಪಾತ್ರೆಯ ನೆನಪಾಗಿರಲಿಲ್ಲ.

ಮಗಳಿಗೆ ಇನ್ನೊಂದು ತುಂಡೂ ಕೊಡಬೇಡ ಎಂದು ಹೇಳಿ, ಕಾರಣವನ್ನೂ ಹೇಳಿದಳು.

"ಊರೋರ ಊಟಕ್ಕೆಲ್ಲ ವಿಷ ಅಂದೆ. ಈಗ ಅಮ್ಮನ ಕೈಗೂ ಅಂತೀಯಾ?"

"ಕೈಗಲ್ಲ. ಜಾಡಿಗೆ."

"ಅದನ್ನೇ ತಿಂದು ಬೆಳೆದ್ವಲ್ಲ ನಾವಿಬ್ರೂ?"

ತಂಗಿ ಫೋನ್ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ತಾನೇ ಹೋದಳು. ತಂಗಿ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲು ತೆಗೆದ ಹುಡುಗಿ, ಮೂರು ವಾರದಿಂದ ದಿನಕ್ಕೆರಡು ತುಂಡು ತಿಂದಿದ್ದಾಗಿ ಒಪ್ಪಿಕೊಂಡಳು. "ತಿನ್ನೋದು ಬಿಟ್ಟಿದೀನಿ ದೊಡ್ಡಮ್ಮ. ಆಸೆ ಬಿಟ್ಟಿಲ್ಲ," ಎಂದಳು. ನನಗೂ ಬಿಟ್ಟಿಲ್ಲ ಎಂದು ಹನಿಯಮ್ಮ ಹೇಳಲಿಲ್ಲ. ಹುಡುಗಿಯನ್ನು ರಕ್ತಪರೀಕ್ಷೆಗೆ ಕರೆದೊಯ್ದು, ಜಾಡಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಬಂದಳು.

ಒಳಗಿದ್ದುದನ್ನೆಲ್ಲ ತೆಗೆದು, ತೊಳೆದು, ಗೇಣೆತ್ತರ ವಿನಿಗರ್ ತುಂಬಿ ಒಂದು ಇಡೀ ದಿನ ಮುಚ್ಚಿಟ್ಟಳು. "ಪಾತ್ರೆ ವಾಪಸ್ ಕೊಡಲ್ವಾ?" ಎಂದು ಪಕ್ಕದ ಮೇಜಿನವಳು ಕೇಳಿದ್ದಕ್ಕೆ, "ಈ ಸಲ ಪಾತ್ರೆನೇ ಮಾದರಿ," ಎಂದಳು. ಮರುದಿನ ಅದರಿಂದ ಸ್ವಲ್ಪ ನಳಿಕೆಗೆ ತೆಗೆದು, ಅಯೊಡೈಡ್ ದ್ರಾವಣದ ಹನಿ ಬಿಟ್ಟಳು. ಹೊಂಬಣ್ಣದ ಪುಡಿ ನಿಧಾನವಾಗಿ ತಳಕ್ಕೆ ಇಳಿಯಿತು. ಇಷ್ಟು ಚೆಂದದ ಬಣ್ಣ ಆ ಮೇಜಿನ ಮೇಲೆ ಬಹಳ ದಿನದಿಂದ ಬಂದಿರಲಿಲ್ಲ. ಯಂತ್ರ ಕೊಟ್ಟ ಅಂಕಿಯೂ ಅದನ್ನೇ ಹೇಳಿತು: ಸೀಸ.

ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಹೊಟ್ಟೆನೋವಿತ್ತು. ಮಣಿಕಟ್ಟು ಜೋತುಬಿದ್ದು ಲೋಟಗಳು ಕೈಜಾರುತ್ತಿದ್ದವು. ವಯಸ್ಸಾಯಿತು ಎಂದರು ಎಲ್ಲರೂ. ಒಡೆದ ಲೋಟಕ್ಕಾಗಿ ಅವಳು ಒಮ್ಮೆ ಗದರಿಯೂ ಇದ್ದಳು. ಅದು ಸೀಸವೋ ವಯಸ್ಸೋ, ಪರೀಕ್ಷಿಸಲು ಈಗ ಮಾದರಿ ಇಲ್ಲ.

ಹುಡುಗಿಯ ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಬೇಗ ನಿಲ್ಲಿಸಿದ್ದು ಒಳ್ಳೆಯದಾಯಿತು, ತಿಂಗಳಿಗೊಮ್ಮೆ ನೋಡೋಣ ಎಂದರು ಡಾಕ್ಟರು. ಅಂಕಿ ತಿಂಗಳು ತಿಂಗಳೂ ಇಳಿಯಿತು. ತಂಗಿ ಮಾತ್ರ ಹೆರಿಗೆಯಾಗುವ ತನಕ ಮಾತಾಡಲಿಲ್ಲ. ಹೆರಿಗೆಯ ದಿನ ಮಧ್ಯಾಹ್ನ ಅವಳ ಫೋನ್ ಬಂತು.

"ಹೆಣ್ಣು. ಎರಡೂ ಮುಕ್ಕಾಲು ಕೆಜಿ. ನಿಂಗೆ ಅಂಕಿ ಬೇಕಲ್ಲ, ಅದಕ್ಕೆ ಹೇಳ್ದೆ." ಆಮೇಲೆ ಕೇಳಿದಳು, "ಜಾಡಿ ಏನ್ಮಾಡ್ದೆ?"

"ತಳಕ್ಕೆ ತೂತು ಕೊರೆಸಿದೀನಿ. ಇನ್ಯಾರೂ ಏನೂ ತುಂಬಬಾರದು."

"ಸರಿ, ತಗೊಂಡು ಬಾ. ಕೊಡೆಗೆ ಜಾಗ ಇಲ್ಲದೆ ಒದ್ದಾಡ್ತಿದೀವಿ."

ಚಿಕ್ಕ ಸೀಸೆಯಲ್ಲಿ ಉಳಿದದ್ದನ್ನು ಅವಳು ಜಾಡಿ ಪರೀಕ್ಷಿಸಿದ ದಿನವೇ ಪರೀಕ್ಷಾಲಯದ ವಿಷತ್ಯಾಜ್ಯದ ಡಬ್ಬಿಗೆ ಸುರಿದಿದ್ದಳು. ಸುರಿಯುವ ಮೊದಲು ಮುಚ್ಚಳ ತೆಗೆದು ಮೂಸಿದ್ದಳು. ಈ ವರ್ಷದ ನಿಂಬೆಹಣ್ಣನ್ನು ಎಂದಿನಂತೆ ಗಾಜಿನ ಸೀಸೆಯಲ್ಲೇ ಹಾಕಿದಳು. ಕಿಟಕಿಯ ಬಳಿ ನಿಂತು ರುಚಿ ನೋಡುವಾಗ ಗಂಡ ಬಂದು, ಏನಾಯಿತು ಎಂಬಂತೆ ಹುಬ್ಬೇರಿಸಿದ.

"ಪಾಸ್," ಎಂದಳು.

ನುಂಗಿದ ಮೇಲೂ ಅವಳ ನಾಲಿಗೆಯ ಹಿಂಭಾಗ ಸ್ವಲ್ಪ ಹೊತ್ತು ಕಾಯುತ್ತಲೇ ಇತ್ತು.